ಅರವಟ್ಟಿಗೆಯ ಸರದಿ

ಇದು ಹಳೇ ಕಾಲದ ಕಥೆಯೇನಲ್ಲ. ಇದರಲ್ಲಿ ಗುರು ಇದ್ದಾರೆ, ಹೊಳೆ ಇದೆ, ಮೊಬೈಲೂ ಇದೆ.

ಕಪಿಲಾ ನದಿಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಎರಡು ಕೋಣೆ, ಒಂದು ಜಗಲಿ, ಹಿಂದೆ ಬಾವಿ. ಅಲ್ಲಿದ್ದ ಮುದುಕರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು. ಅವರು ಮಂತ್ರ ಹೇಳಿಕೊಡುತ್ತಿರಲಿಲ್ಲ. ಹೊಲದ ಬದುವಿನಲ್ಲಿ, ಹೊಳೆಯ ಅಂಚಿನಲ್ಲಿ ತಾನಾಗಿ ಹುಟ್ಟುವ ಸೊಪ್ಪುಗಳಲ್ಲಿ ತಿನ್ನುವುದು ಯಾವುದು, ತಿನ್ನಬಾರದ್ದು ಯಾವುದು ಎಂದು ಹೇಳಿಕೊಡುತ್ತಿದ್ದರು.

ಅವರ ಬಳಿ ಮೂರು ವರ್ಷ ಕಲಿತವಳು ನೀಲಾಂಬಿಕೆ. ಊರಲ್ಲಿ ಬಟ್ಟೆ ಹೊಲಿದು ಬದುಕುವವಳು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು.

ಕಲಿತು ಮುಗಿದ ದಿನ ಅವಳು ಕೇಳಿದ್ದಳು: "ಗುರುದಕ್ಷಿಣೆ ಏನು ಕೊಡ್ಲಿ ಬುದ್ಧಿ?"

"ಕೇಳಿದವರಿಗೆ ಹೇಳು. ಅಷ್ಟು ಸಾಕು."

ಅದಕ್ಕೇ ಅವಳು ಬ್ಲಾಗ್ ಶುರು ಮಾಡಿದ್ದು. ಹೆಸರು 'ಮಡಿಲ ಸೊಪ್ಪು'. ವಾರಕ್ಕೊಂದು ಸೊಪ್ಪು, ಅದರ ಗುರುತು, ಅದರ ಅಡುಗೆ. ಓದುವವರು ಹದಿನೈದು ಜನ, ಹೆಚ್ಚೆಂದರೆ ಇಪ್ಪತ್ತು. ಎರಡು ವರ್ಷದ ಹಿಂದೆ ಅಣ್ಣನ ಮಗಳು ನಕ್ಕಳು. "ಬ್ಲಾಗನ್ನ ಈಗ ಯಾರು ಓದ್ತಾರೆ ಅತ್ತೆ?" ಎಂದು ಸೋಶಿಯಲ್ ಮೀಡಿಯಾದಲ್ಲಿ ಒಂದು ಖಾತೆ ಮಾಡಿಕೊಟ್ಟಳು. ನೋಡುವವರು ನಲವತ್ತು ಸಾವಿರವಾದರು. ಬ್ಲಾಗು ನಿಂತಲ್ಲೇ ನಿಂತಿತು.

ಈಗ ಆ ಗುರುವಾರಕ್ಕೆ ಬರೋಣ.

ನೀಲಾಂಬಿಕೆ ಪ್ರತಿ ಗುರುವಾರ ಆಶ್ರಮಕ್ಕೆ ಬರುವವಳು. ಬಸ್ಸಿಳಿದು ಎರಡು ಮೈಲಿ ಕಾಲುದಾರಿ ನಡೆಯಬೇಕು. ಯುಗಾದಿ ಕಳೆದ ಬಿಸಿಲು, ನಡುಮಧ್ಯಾಹ್ನ. ಅವಳ ಮುಖ ಕೆಂಪಗಾಗಿತ್ತು. ಬರೀ ಬಿಸಿಲಿಗೆ ಹಾಗೆ ಕೆಂಪಗಾಗುವುದಿಲ್ಲ.

ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅರವಟ್ಟಿಗೆ ಮಡಕೆ ಖಾಲಿ ಬುದ್ಧಿ! ಬೋರಲು ಬಿದ್ದಿದೆ!"

ಆ ಕಾಲುದಾರಿ ಮುಕ್ಕಾಲು ಕಳೆದ ಮೇಲೆ, ಹೊಂಗೆಮರದ ಕೆಳಗೆ, ಆಶ್ರಮದವರು ದಾರಿಹೋಕರಿಗೆ ನೀರಿಡುವ ಅರವಟ್ಟಿಗೆ ಇತ್ತು. ಯುಗಾದಿಯಿಂದ ಮೊದಲ ಮಳೆಯವರೆಗೆ ಅಲ್ಲಿನ ದೊಡ್ಡ ಮಡಕೆ ತುಂಬಿರಲೇಬೇಕು. ಶಿಷ್ಯರಿಗೆ ಒಬ್ಬೊಬ್ಬರಿಗೆ ಒಂದೊಂದು ವಾರದ ಸರದಿ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಬಾವಿಯಿಂದ ಹೊತ್ತು ತುಂಬಿಸಿ, ಮುಚ್ಚಳ ಮುಚ್ಚಿ ಹೊರಟುಬಿಡಬೇಕು. ಯಾರು ಕುಡಿದರು, ಎಷ್ಟು ಜನ ಕುಡಿದರು ಎಂದು ನೋಡುತ್ತಾ ಕೂರುವಂತಿಲ್ಲ. ಅದು ಅಲ್ಲಿನ ಕಟ್ಟಳೆ.

"ಅದನ್ನ ನಂಬ್ಕೊಂಡು ನಾನು ಬಾಟ್ಲಿ ಕೂಡ ತರ್ಲಿಲ್ಲ. ನಾಲಿಗೆ ಅಂಟ್ಕೊಂಡೋಗಿದೆ. ಇಂಥ ಬಿಸಿಲಲ್ಲಿ ನಡೆಯೋ ಜನ ಏನಾಗ್ಬೇಕು? ಯಾರ ಸರದಿ ಇದು? ಅವ್ರಿಗೆ ನಾಚ್ಕೆ ಆಗಲ್ವಾ?"

ಅಯ್ಯನವರು ಜಗಲಿಯಲ್ಲಿ ಕೂತು ಅಣ್ಣೆಸೊಪ್ಪು ಬಿಡಿಸುತ್ತಿದ್ದರು. ಎದ್ದು ಒಂದು ಚೊಂಬು ನೀರು ತಂದುಕೊಟ್ಟರು.

"ಮೊದ್ಲು ಕುಡಿಯವ್ವ. ಸರದಿ ವಿಷ್ಯ ಆಮೇಲೆ. ಬರೀ ಮಡಕೆಗೆ ಇಷ್ಟು ಸಿಟ್ಟು ಬರಲ್ಲ. ಏನಾಯ್ತು?"

ಅವಳು ಗಟಗಟ ಕುಡಿದು ಮೊಬೈಲ್ ತೆಗೆದಳು.

"ಹೋದ ವಾರ ಈ ಅಣ್ಣೆಸೊಪ್ಪಿನ ಬಗ್ಗೇನೇ ಹಾಕಿದ್ದೆ ಬುದ್ಧಿ. ಜನ ಏನಂದ್ರು ಕೇಳಿ."

ಓದಿದಳು. ಇದು ಅಣ್ಣೆಸೊಪ್ಪೇ ಅಲ್ಲ ಎಂದಿದ್ದ ಒಬ್ಬ. ನಮ್ಮ ಕಡೆ ಇದನ್ನು ಹಂದಿಗೆ ಹಾಕುತ್ತೇವೆ ಎಂದಿದ್ದ ಇನ್ನೊಬ್ಬ. ನಿನ್ನ ಕಡೆಯವರೇ ಹಂದಿಗಳು ಎಂದು ಮತ್ತೊಬ್ಬ ಅವನಿಗೆ. ಅಲ್ಲಿಂದ ಮುಂದೆ ಸೊಪ್ಪಿನ ಸುದ್ದಿಯೇ ಇರಲಿಲ್ಲ. ಊರು, ಜಾತಿ, ತಾಯಿ, ಅಕ್ಕತಂಗಿ ಎಲ್ಲ ಬಂದು ಹೋಗಿದ್ದರು.

ಒಂದು ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದಳು.

"ಓದು" ಎಂದರು ಅಯ್ಯನವರು.

"'ನಿನ್ನ ಗಂಡ ಸತ್ತಿದ್ದು ಈ ಸೊಪ್ಪು ತಿಂದೇನಾ?' ಅಂತ ಕೇಳಿದ್ದಾನೆ. ಆರುನೂರು ಜನ ನಕ್ಕಿದ್ದಾರೆ ಬುದ್ಧಿ. ಎಣಿಸಿ ತೋರಿಸುತ್ತೆ ಇದು, ಎಷ್ಟು ಜನ ನಕ್ಕರು ಅಂತ."

ಗುರುಗಳು ಎಂದರೆ ಇಂಥದ್ದಕ್ಕೆಲ್ಲ ನಸುನಕ್ಕು ಸುಮ್ಮನಿರುತ್ತಾರೆ ಎಂದು ನೀವು ಅಂದುಕೊಂಡಿರಬಹುದು. ಅಯ್ಯನವರು ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಬಿಸಾಡಿದರು.

"ಅಯೋಗ್ಯ! ಆ ಪುಣ್ಯಾತ್ಮ ಇದೇ ಜಗಲೀಲಿ ಕೂತು ಉಂಡವನು. ಅವನ ಸಾವು ಇವನಿಗೆ ಆಡ್ಕೊಳ್ಳೋಕೆ ಸಿಕ್ತಾ? ನಕ್ಕೋರಿಗಾದ್ರೂ ಮನೇಲಿ ಹೆಂಗಸರಿಲ್ವಾ? ಥೂ!"

ನೀಲಾಂಬಿಕೆಗೆ ಎಷ್ಟೋ ಸಮಾಧಾನವಾಯಿತು. ತನ್ನ ಸಿಟ್ಟಿಗೆ ಜೊತೆಯೊಂದು ಸಿಕ್ಕಿತಲ್ಲ ಎನಿಸಿತು.

"ನಾನು ಸುಮ್ನೆ ಬಿಡಲ್ಲ ಬುದ್ಧಿ. ಸೋಮವಾರದಿಂದ ಕೂತು ಒಂದು ಉತ್ತರ ಬರ್ದಿದ್ದೀನಿ. ನಾಲ್ಕು ದಿನ ಹೊಲಿಗೆ ಮಿಶನ್ ಮುಟ್ಟಿಲ್ಲ. ಅವನ ನಿಜವಾದ ಹೆಸ್ರು, ಮನೆ, ಕೆಲ್ಸದ ಜಾಗ, ಎಲ್ಲ ಹುಡುಕಿದ್ದೀನಿ. ನಲವತ್ತು ಸಾವಿರ ಜನದ ಮುಂದೆ ಅವನ ಮಾನ ಹರಾಜು ಹಾಕ್ತೀನಿ. ನಿಮ್ಮ ಆಶೀರ್ವಾದ ತಗೊಂಡು ಒತ್ತೋಣ ಅಂತ ಬಂದೆ."

ಓದಿ ತೋರಿಸಿದಳು. ಹರಿತವಾಗಿತ್ತು. ಒಂದೊಂದು ಮಾತೂ ನಾಟುವಂತಿತ್ತು. ಅಯ್ಯನವರು ಮೊಬೈಲನ್ನು ಕೈಗೆ ತೆಗೆದುಕೊಂಡು ಕೆಳಗಿದ್ದ ಫೋಟೋ ನೋಡಿದರು.

"ಇದ್ಯಾರು ಕೂಸು?"

"ಅವನ ಮಗಳು."

"ಇದು ನಿನಗೇನಂತು?"

"ಇದೇನೂ ಅನ್ಲಿಲ್ಲ. ಆದ್ರೆ ಅವನಿಗೂ ಉರೀಬೇಕಲ್ಲ ಬುದ್ಧಿ! ನಮ್ಮನೆಯವ್ರ ಹೆಸ್ರು ಎತ್ತಿದ್ನಲ್ಲ, ಅವನ ಮನೆಯವ್ರ ಹೆಸ್ರೂ ಬರ್ಲಿ."

ಅಯ್ಯನವರು ಮೊಬೈಲ್ ವಾಪಸ್ ಕೊಟ್ಟರು. ಒತ್ತು ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ.

"ಇದನ್ನ ಒತ್ತಿದ ಮೇಲೆ?"

"ಆಮೇಲೆ ಎಲ್ಲ ಮುಚ್ತೀನಿ. ಈ ಖಾತೇನೂ ಬೇಡ, ಹಳೇ ಬ್ಲಾಗೂ ಬೇಡ. ನಿಮ್ಮ ಮುಂದೇನೇ ಅಳಿಸ್ಬಿಡ್ತೀನಿ. ಈ ಜನಕ್ಕೆ ಇನ್ನೊಂದು ಅಕ್ಷರ ಬರೆಯಲ್ಲ ನಾನು. ಸೊಪ್ಪು ತಿಂತಾರೋ ಮಣ್ಣು ತಿಂತಾರೋ ತಿನ್ಲಿ."

"ಆ ಹಳೇದು ಇನ್ನೂ ಇದ್ಯಾ?"

"ಇದೆ."

"ಅಳಿಸೋ ಮುಂಚೆ ಒಂದ್ಸಲ ತೋರ್ಸು. ನಾನು ಹೇಳ್ಕೊಟ್ಟಿದ್ದು ಅದ್ರಲ್ಲಿದೆ."

ಅವಳು ಬೇಸರದಲ್ಲೇ ತೆರೆದಳು. ಎರಡು ವರ್ಷದಿಂದ ಆ ಪುಟ ನೋಡಿರಲಿಲ್ಲ. ಕೊನೆಯ ಬರಹ ಗಣಿಕೆ ಸೊಪ್ಪಿನದು. ಎಳೆಯದಿದ್ದಾಗ ಗಣಿಕೆಯಂತೆಯೇ ಕಾಣುವ ವಿಷದ ಗಿಡವೊಂದಿದೆ, ಅದನ್ನು ಗುರುತಿಸುವುದು ಹೇಗೆಂದು ಮುಂದಿನ ವಾರ ಬರೆಯುತ್ತೇನೆ ಎಂದು ಅದು ಮುಗಿದಿತ್ತು.

ಅದರ ಕೆಳಗೆ ಮೂರು ಪ್ರತಿಕ್ರಿಯೆಗಳಿದ್ದವು. ಮೂರೂ ಒಬ್ಬಳದೇ.

"ಯಾರಿದು?" ಎಂದರು ಅಯ್ಯನವರು.

"ಗೊತ್ತಿಲ್ಲ. ಜೈಬುನ್ನೀಸಾ ಅಂತಿದೆ."

"ಓದು."

ಮೊದಲನೆಯದು ಎರಡು ವರ್ಷದ ಹಿಂದಿನದು. 'ಅಕ್ಕ, ಗಣಿಕೆ ಬಗ್ಗೆ ಓದಿದೆ. ಮುಂದಿನ ವಾರದ್ದಕ್ಕೆ ಕಾಯ್ತೀನಿ.'

ಎರಡನೆಯದು ನಾಲ್ಕು ತಿಂಗಳ ನಂತರದ್ದು. 'ಅಕ್ಕ, ಆರೋಗ್ಯವಾಗಿದ್ದೀರಾ? ನಾನು ಹೆಣ್ಣುಮಕ್ಕಳ ಹಾಸ್ಟೆಲ್ಲಲ್ಲಿ ಅಡುಗೆ ಮಾಡ್ತೀನಿ. ಅರವತ್ತು ಮಕ್ಕಳು. ಹಾಸ್ಟೆಲ್ ಹಿಂದೆ ಗಣಿಕೆ ಥರದ ಎಳೇ ಗಿಡ ತುಂಬಾ ಬಂದಿದೆ. ಉಮ್ಮತ್ತಿ ಇರಬಹುದಾ ಅಂತ ಭಯ. ಹೇಗೆ ಗುರುತಿಸೋದು?'

ಮೂರನೆಯದು ಹೋದ ತಿಂಗಳದು. 'ಅಕ್ಕ, ನೀವು ಬರೆಯುವವರೆಗೆ ನಾನು ಕೀಳಲ್ಲ. ಆಗಾಗ ಇಲ್ಲಿ ಬಂದು ನೋಡ್ತೀನಿ. ನಿಮ್ಮ ಮುಂದಿನ ವಾರ ಬೇಗ ಬರಲಿ.'

ನೀಲಾಂಬಿಕೆ ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡಳು.

ಅಯ್ಯನವರು ಎದ್ದು ನಿಂತರು. ಬೈದವನ ಮೇಲೆ ಬಂದದ್ದು ಸಿಟ್ಟೇ ಅಲ್ಲ ಎನ್ನುವ ಹಾಗಿತ್ತು ಈಗಿನ ಮುಖ.

"ಬೈದವನಿಗೆ ಎಷ್ಟು ದಿನ ಕೂತು ಬರೆದೆ?"

"ನಾಲ್ಕು ದಿನ."

"ಇವಳಿಗೆ?"

ಅವಳು ಮಡಿಲಲ್ಲಿದ್ದ ಮೊಬೈಲನ್ನು ಬೋರಲು ಹಾಕಿದಳು.

"ಬಾಯಿ ಬಿಡು! ಅರವತ್ತು ಮಕ್ಕಳ ಒಲೆ ಮುಂದೆ ನಿಂತಿರೋಳು ವಿಷ ಯಾವ್ದು ಅಂತ ಕೇಳಿದ್ದಾಳೆ. ಅವಳಿಗೆ ಎಷ್ಟು ದಿನ ಕೊಟ್ಟೆ? ಅವಳಿಗಿರೋ ವಿವೇಕದಿಂದ ಆ ಮಕ್ಕಳು ಉಳಿದಿದ್ದಾವೆ, ನಿನ್ನಿಂದಲ್ಲ. ಮೂರು ವರ್ಷ ನಿನ್ನನ್ನ ಹೊಳೆ ದಂಡೆ ಮೇಲೆ ಅಲೆಸಿದ್ದು ಇದಕ್ಕಾ?"

"ನನಗೆ ಗೊತ್ತಿರ್ಲಿಲ್ಲ ಬುದ್ಧಿ..."

"ಬೈದವನ ಮಗಳ ಫೋಟೋ ಹುಡುಕೋಕೆ ಗೊತ್ತಾಯ್ತು. ನಿನ್ನ ಮನೆ ಬಾಗಿಲಲ್ಲೇ ನಿಂತೋಳು ಕಾಣ್ಲಿಲ್ವಾ?"

ನೀಲಾಂಬಿಕೆಗೂ ಕೆರಳಿತು. ತಪ್ಪು ತನ್ನದೆಂದು ಗೊತ್ತಾದಾಗಲೇ ಮನುಷ್ಯರು ಹೆಚ್ಚು ವಾದ ಮಾಡುವುದು.

"ಅಲ್ಲಿ ಬರೋದೇ ಹದಿನೈದು ಜನ ಬುದ್ಧಿ! ನಲವತ್ತು ಸಾವಿರ ಜನ ಇರೋ ಕಡೆ ಹೋದ್ರೆ ತಪ್ಪಾ?"

"ನಮ್ಮ ಅರವಟ್ಟಿಗೆ ದಾರೀಲಿ ದಿನಕ್ಕೆ ಎಷ್ಟು ಜನ ಓಡಾಡ್ತಾರೆ?"

"ಹತ್ತು, ಹನ್ನೆರಡು."

"ಅಷ್ಟೇ ಜನಕ್ಕೆ ಮಡಕೆ ತುಂಬದಿದ್ರೆ ಏನಂತೆ? ಬಂದ ತಕ್ಷಣ ಅಷ್ಟು ಕೂಗಾಡಿದ್ದು ಯಾಕೆ?"

"ನಂಬ್ಕೊಂಡು ಬಂದಿದ್ನಲ್ಲ!"

"ಹೌದಾ. ಈಗ ಹೇಳು, ಈ ವಾರ ಯಾರ ಸರದಿ?"

ಜಗಲಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಸರದಿಯ ಪಟ್ಟಿ ಬರೆದಿತ್ತು. ಅವಳು ತಲೆಯೆತ್ತಿ ನೋಡಿದಳು. ಸೋಮವಾರದಿಂದ ಶುರುವಾದ ವಾರದ ಮುಂದೆ ಇದ್ದದ್ದು ಅವಳದೇ ಹೆಸರು. ತಿಂಗಳ ಹಿಂದೆ ಅವಳೇ ಕೈಯಾರೆ ಬರೆದದ್ದು.

ನಾಲ್ಕು ದಿನ. ನಾಲ್ಕು ದಿನವೂ ಅವಳು ಒಬ್ಬ ಅಯೋಗ್ಯನ ಮನೆ ವಿಳಾಸ ಹುಡುಕುತ್ತಾ ಕೂತಿದ್ದಳು.

"ಮೂರು ದಿನ ನಾನೇ ಹೊತ್ತೆ" ಎಂದರು ಅಯ್ಯನವರು. "ಇವತ್ತೂ ಹೊತ್ತೆ. ಬೆಳಿಗ್ಗೆ ಬಂದೋರೆಲ್ಲ ಕುಡ್ಕೊಂಡು ಹೋದ್ರು. ಮಧ್ಯಾಹ್ನದ ಬಸ್ಸಿಗೆ ಗುರುವಾರ ನಿನ್ನ ಬಿಟ್ಟು ಯಾರೂ ಇಳಿಯಲ್ಲ. ಆ ಬಸ್ಸು ಬರೋಕೆ ಮುಂಚೆ ಹೋಗಿ ಬೋರಲು ಹಾಕಿ ಬಂದೆ."

ಅವಳು ಎದ್ದಳು. ಹಿತ್ತಲಿಗೆ ಹೋಗಿ ಬಾವಿಯಿಂದ ನೀರು ಸೇದಿ, ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಬಿಸಿಲಿಗಿಳಿದಳು. ಮಡಕೆ ತುಂಬಲು ಮೂರು ಸಲ ಹೋಗಿ ಬರಬೇಕಾಯಿತು. ಮೂರನೇ ಸಲಕ್ಕೆ ಅಂಗಾಲು ಸುಡುತ್ತಿತ್ತು. ಎಪ್ಪತ್ತೆಂಟು ವರ್ಷದ ಅಯ್ಯನವರು ನಾಲ್ಕು ದಿನ ಹೀಗೇ ಹೊತ್ತಿದ್ದರು ಎಂದು ನೆನೆದು ದಾರಿಯಲ್ಲೇ ಅತ್ತಳು.

ಮುಚ್ಚಳ ಮುಚ್ಚಿ ವಾಪಸ್ ಬಂದಾಗ ಜಗಲಿಯ ಮೇಲೆ ಎರಡು ಎಳೇ ಗಿಡ ಇದ್ದವು, ಬೇರಿನ ಮಣ್ಣು ಇನ್ನೂ ಹಸಿ. ಅಯ್ಯನವರು ಹೊಳೆಯಂಚಿನಿಂದ ಕಿತ್ತು ತಂದಿದ್ದರು. ಒಂದು ಗಣಿಕೆ. ಇನ್ನೊಂದು ಉಮ್ಮತ್ತಿ.

ಅವಳು ಒಂದೊಂದೇ ಎಲೆ ಹೊಸಕಿ ಮೂಸಿದಳು. ಪಕ್ಕಪಕ್ಕ ಇಟ್ಟು ಫೋಟೋ ತೆಗೆದಳು. ಆಮೇಲೆ ಮೊಬೈಲ್ ತೆರೆದು, ನಾಲ್ಕು ದಿನ ಕೂತು ಬರೆದ ಉತ್ತರವನ್ನೂ ಆ ಕೂಸಿನ ಫೋಟೋವನ್ನೂ ಅಳಿಸಿದಳು. ಸಿಟ್ಟು ಇಳಿದಿರಲಿಲ್ಲ. ಆದರೂ ಅಳಿಸಿದಳು. ಅಳಿಸಿ, ಬ್ಲಾಗಿನಲ್ಲಿ ಬರೆಯಲು ಕೂತಳು.

'ಜೈಬುನ್ನೀಸಾ ಅವರೇ, ಎರಡು ವರ್ಷ ತಡವಾಯಿತು. ತಪ್ಪು ನನ್ನದು. ಉಮ್ಮತ್ತಿ ಎಲೆ ಹೊಸಕಿದರೆ ಹೊಟ್ಟೆ ತೊಳಸುವಂಥ ನಾತ ಬರುತ್ತದೆ. ಆದರೆ ಬರೀ ಮೂಗನ್ನು ನಂಬಬೇಡಿ. ಎಳೇ ಗಿಡ ಕೀಳಲೇಬೇಡಿ, ಹೂ ಬಿಡುವವರೆಗೆ ಕಾಯಿರಿ. ಗಣಿಕೆಯದು ಗೊಂಚಲಲ್ಲಿ ಬಿಡುವ ಪುಟಾಣಿ ಬಿಳಿ ಹೂ, ಅದರಲ್ಲಿ ಮೆಣಸಿನಕಾಳಿನಂಥ ಗುಂಡು ಕಾಯಿ. ಉಮ್ಮತ್ತಿಯದು ಉದ್ದನೆಯ ಕಹಳೆಯಂಥ ಹೂ, ಮುಳ್ಳಿನ ಕಾಯಿ. ತಿಳಿದವರೊಬ್ಬರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಎಳ್ಳಷ್ಟು ಅನುಮಾನ ಇದ್ದರೂ ಒಲೆಗೆ ಹಾಕಬೇಡಿ. ನೀವು ಕೀಳದೆ ಕಾದದ್ದು ದೊಡ್ಡದು.'

ಬರೆದು, ಫೋಟೋ ಹಾಕಿ, ಒತ್ತಿದಳು.

ಒತ್ತಿದ ಮೇಲೆ ಮೊಬೈಲನ್ನೇ ನೋಡುತ್ತಾ ಕೂತಳು.

"ಏನು ನೋಡ್ತಿದ್ದೀಯ?" ಎಂದರು ಅಯ್ಯನವರು.

"ಅವಳು ಓದಿದ್ಲಾ ಅಂತ."

"ಮಡಕೆ ತುಂಬ್ಸಿ ಪಕ್ಕದಲ್ಲೇ ಕಾಯ್ಕೊಂಡು ಕೂರೋದನ್ನ ನಮ್ಮಲ್ಲಿ ಯಾರು ಶುರು ಮಾಡಿದ್ರು?"

ಅವಳು ನಾಚಿಕೊಂಡು ಮೊಬೈಲನ್ನು ಕೆಳಗಿಡಲು ಹೋದಳು. ಅಷ್ಟರಲ್ಲಿ ಅದು ಟಿಣ್ ಎಂದಿತು.

ಜೈಬುನ್ನೀಸಾ ಅಲ್ಲ. ಅವನೇ. ಅದೇ ನಲವತ್ತು ಸಾವಿರ ಜನದ ಜಾಗದಿಂದ.

'ಎಲ್ಲಿ ಓಡಿಹೋದೆ? ಗಂಡನ ವಿಷಯಕ್ಕೆ ಉತ್ತರ ಇಲ್ವಾ?'

ನೀಲಾಂಬಿಕೆ ಮೊಬೈಲನ್ನು ಮತ್ತೆ ಎತ್ತಿಕೊಂಡಳು. ಅಳಿಸಿದ್ದೆಲ್ಲ ಅಕ್ಷರ ಅಕ್ಷರವಾಗಿ ನೆನಪಿತ್ತು. ಹೆಬ್ಬೆರಳು ತಾನಾಗಿ ಉತ್ತರ ಬರೆಯುವ ಜಾಗಕ್ಕೆ ಹೋಗಿ ನಿಂತಿತು.

"ಯಾರು?"

"ಅವನೇ ಬುದ್ಧಿ. ಉತ್ತರ ಎಲ್ಲಿ ಅಂತ ಕೇಳ್ತಿದ್ದಾನೆ." "ಕೇಳಿದವರಿಗೆ ಹೇಳು ಅಂತ ನೀವೇ ಹೇಳಿದ್ರಲ್ಲ. ಇವನೂ ಕೇಳ್ತಿದ್ದಾನಲ್ಲ!"

ಅಯ್ಯನವರು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು, ಬಿಟ್ಟ ಸೊಪ್ಪನ್ನು ಮತ್ತೆ ಬಿಡಿಸತೊಡಗಿದರು.

"ನೀರು ಕೇಳಿದ್ನಾ?"