ಬಾಲ ಮುರಿದ ಮಿಠಾಯಿ ಮೀನು

ಸಂಕ್ರಾಂತಿಯ ಸಕ್ಕರೆ ಗೊಂಬೆಗಳಿಗೆಂದು ಅಜ್ಜಿ ಹಳೆಯ ಮರದ ಅಚ್ಚನ್ನು ನೀರಿನಲ್ಲಿ ನೆನೆಹಾಕಿದ್ದರು. ಅದರ ಪಕ್ಕದಲ್ಲೇ ಮೊಮ್ಮಗಳು ಶಾಲ್ಮಲಿ ಜಪಾನಿನ ಮಿಠಾಯಿ ಕಿಟ್ ಬಿಚ್ಚಿ, ಪುಡಿಗೆ ನೀರು ಬೆರೆಸಿ ಕಲಸಿ, ಪುಟ್ಟ ಪ್ಲಾಸ್ಟಿಕ್ ಅಚ್ಚಿಗೆ ತುಂಬಿದಳು. ಮೊದಲ ಮೀನು ಇಡಿಯಾಗಿ ಎದ್ದು ಬಂತು. ಎರಡನೆಯದರ ಬಾಲ ಮಾತ್ರ ಅಚ್ಚಿನಲ್ಲೇ ಅಂಟಿಕೊಂಡಿತು.

ಪ್ಲಾಸ್ಟಿಕ್ ಅಚ್ಚು ನಾಚಿಕೆಯಿಂದ ಕುಗ್ಗಿಹೋಯಿತು. "ಡಬ್ಬದ ಮೇಲಿನ ಚಿತ್ರದಲ್ಲಿ ಎರಡು ಮೀನಿಗೂ ಬಾಲವಿದೆ. ಅಷ್ಟು ದೂರದಿಂದ ಬಂದು ಮಾನ ಕಳೆದುಕೊಂಡೆ."

"ಅಳಬೇಡ ಮಗೂ," ಎಂದಿತು ಮರದ ಅಚ್ಚು. "ನನ್ನ ಸಕ್ಕರೆ ಗಿಣಿಗಳಿಗೂ ಎಷ್ಟೋ ಸಲ ಕೊಕ್ಕೇ ಇರುವುದಿಲ್ಲ. ಅಂಥವು ಎಲ್ಲಿಗೆ ಹೋಗುತ್ತವೆ ಗೊತ್ತೇ?"

"ಕಸದ ಬುಟ್ಟಿಗೆ?"

"ಸ್ವಲ್ಪ ತಾಳು, ನೋಡುವೆಯಂತೆ."

ಅಜ್ಜಿ ಬಂದರು. ಇಡೀ ಮೀನನ್ನು ತಟ್ಟೆಯಲ್ಲಿಟ್ಟು, "ಇದನ್ನು ಪಕ್ಕದ ಮನೆ ಫರ್ಹಾನ್‌ಗೆ ಕೊಟ್ಟು ಬಾ ಪುಟ್ಟಿ," ಎಂದರು.

"ಮುರಿದಿದ್ದು, ಅಜ್ಜಿ?"

"ಮುರಿದಿದ್ದು ಯಾವತ್ತೂ ಮನೆಯವರಿಗೆ."

ಶಾಲ್ಮಲಿ ಓಡಿಹೋಗಿ ಕೊಟ್ಟು ಬಂದಳು. ಬಾಲವಿಲ್ಲದ ಮೀನನ್ನು ಅಜ್ಜಿಯ ಬಾಯಿಗಿಟ್ಟು, ಅಚ್ಚನ್ನು ಮಡಿಲಲ್ಲಿ ಹಿಡಿದು, ಅಂಟಿದ್ದ ಬಾಲವನ್ನು ಬೆರಳಿನಿಂದ ಕೆರೆಕೆರೆದು ಚಪ್ಪರಿಸಿದಳು.

ಪ್ಲಾಸ್ಟಿಕ್ ಅಚ್ಚು ಅವಳ ಮಡಿಲಿನಿಂದಲೇ ಮರದ ಅಚ್ಚಿಗೆ ಮೆಲ್ಲಗೆ ಹೇಳಿತು: "ತಾತಾ, ಮೊದಲನೆಯದೂ ಮುರಿದಿದ್ದರೆ ಚೆನ್ನಾಗಿತ್ತು."