ಮೆಲ್ಲಗೆ ತಾಗಿದ ಕೋಲು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನಾನು ಹಾಡು ಕಲಿಸುವ ಮಕ್ಕಳಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಾಳೆ. ಉಳಿದವರನ್ನು ಗದರುತ್ತೇನೆ, ಅವಳನ್ನು ಒಮ್ಮೆಯೂ ಗದರಿಲ್ಲ. ಅವಳು ಬಾಯಿ ತೆರೆದರೆ ಸಾಕು, ಭೇಷ್ ಎನ್ನುತ್ತೇನೆ. ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ. ಆದರೂ ಅವಳು ಬರುವುದನ್ನು ಬಿಟ್ಟಿದ್ದಾಳೆ. ನನ್ನಿಂದ ಏನು ಕಡಿಮೆಯಾಯಿತು?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ಇಬ್ಬರು ಸೊಸೆಯರು. ಕಿರಿಸೊಸೆಗೆ ಚಿಕ್ಕಂದಿನಲ್ಲಿ ಜ್ವರ ಬಂದು ಎರಡು ಕಿವಿಯೂ ಹೋಗಿದ್ದವು. ಮಾತು ಉಳಿದಿತ್ತು. ಆದರೆ ತನ್ನ ದನಿ ತನಗೇ ಕೇಳಿಸದ ಕಾರಣ ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಎದುರಿನವರು ಆಡಿದ್ದನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು.

ಓರಗಿತ್ತಿಯರಿಬ್ಬರೂ ಒಂದೇ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದರು. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಬೀಳಬೇಕು. ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಕಿರಿಸೊಸೆ ತಪ್ಪುತ್ತಿರಲಿಲ್ಲ. ಒನಕೆ ಬಿದ್ದದ್ದು ಅವಳ ಅಂಗಾಲಿಗೆ ತಿಳಿಯುತ್ತಿತ್ತು. ಎಣ್ಣೆ ಕೊಡಲು ಬಂದ ಗಾಣಿಗರ ಅಜ್ಜಿ ಇದನ್ನು ನಿಂತು ನೋಡಿದಳು. "ಇವಳ ಮೈಯಲ್ಲೇ ತಾಳ ಇದೆಯಲ್ಲ, ಕೋಲಾಟಕ್ಕೆ ಕಳಿಸಿ" ಎಂದು ಅತ್ತೆಗೆ ಹೇಳಿದಳು.

ಊರಿನ ಹೆಂಗಸರ ಕೋಲಾಟದ ತಂಡಕ್ಕೆ ಆ ಅಜ್ಜಿಯೇ ಮುಂದಾಳು. ಹಾಡು ಎತ್ತಿಕೊಡುವವಳೂ ಅವಳೇ, ತಪ್ಪಿದವರ ಬೆರಳ ಗೆಣ್ಣಿಗೆ ಕೋಲಿನಿಂದ ಕುಟ್ಟುವವಳೂ ಅವಳೇ.

ಕಿರಿಸೊಸೆಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಕಿವಿ ಹೋದ ಮೇಲೆ ಅವಳನ್ನು ಯಾರೂ ಯಾವ ಆಟಕ್ಕೂ ಕರೆದಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಪಕ್ಕದ ಊರಿನ ತಂಡದ ಎದುರು ಆಡುವುದಿತ್ತು. ದಿನವೂ ಸಂಜೆ ಅಭ್ಯಾಸ ನಡೆಯಿತು. ಹಾಡು ನಿಧಾನವಾಗಿ ಇರುವವರೆಗೆ ಕಿರಿಸೊಸೆ ಉಳಿದವರ ಕಾಲು ನೋಡಿ ಹೆಜ್ಜೆ ಹಾಕುತ್ತಿದ್ದಳು. ಹಾಡು ಬಿರುಸಾದಾಗ ಕಣ್ಣು ಸಾಲುತ್ತಿರಲಿಲ್ಲ. ಎದುರಿನವಳು ಸರಿದು ಹೊಸಬಳು ಬರುವ ಹೊತ್ತಿಗೆ ಇವಳ ಕೋಲು ಬರೀ ಗಾಳಿಯನ್ನು ಹೊಡೆಯುತ್ತಿತ್ತು. ಯಾರೂ ಬಯ್ಯಲಿಲ್ಲ. "ಪಾಪ" ಎಂದು ಸುಮ್ಮನಾಗುತ್ತಿದ್ದರು. ಅಜ್ಜಿ ಕೂಡ ಬೇರೆಯವರ ಗೆಣ್ಣಿಗೆ ಕುಟ್ಟಿ, ಇವಳ ಹತ್ತಿರ ಬಂದಾಗ ಕೋಲು ಇಳಿಸುತ್ತಿದ್ದಳು. ಬೇರೆ ಯಾವ ಮಾತು ತಿಳಿಯದಿದ್ದರೂ "ಪಾಪ" ಎನ್ನುವ ತುಟಿ ಕಿರಿಸೊಸೆಗೆ ದೂರದಿಂದಲೇ ತಿಳಿಯುತ್ತಿತ್ತು.

ಹೆಂಗಸರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಅಜ್ಜಿ ಬಂದು ಅವಳ ಗಲ್ಲ ಹಿಡಿದು ಹೇಳಿದಳು: "ಇವತ್ತೊಂದು ಸಂಜೆ ಆಡು ಮಗಳೇ, ಸಾಕು. ನಾಳೆಯಿಂದ ನಡುವೆ ದೀಪ ಹಿಡಿದು ನಿಲ್ಲು. ನಾವೆಲ್ಲ ನಿನ್ನ ಸುತ್ತ ಆಡುತ್ತೇವೆ. ನೋಡಿದವರೆಲ್ಲ ನಿನ್ನನ್ನೇ ಮೆಚ್ಚುತ್ತಾರೆ."

ದೀಪ ಹಿಡಿಯಲು ಒಂದು ಕಂಬ ನೆಟ್ಟರೂ ಆಗುತ್ತದೆ ಎಂದುಕೊಂಡಳು ಕಿರಿಸೊಸೆ. ಸುತ್ತಿನಲ್ಲಿ ಹೋಗಿ ನಿಂತಳು.

ಆ ದಿನ ಬೆಳಿಗ್ಗೆ ಹಿರಿಸೊಸೆ ಅವಳ ಮೇಲೆ ಸಿಟ್ಟಾಗಿದ್ದಳು. ಹೆಪ್ಪು ಹಾಕಿದ ಹಾಲನ್ನು ಮುಚ್ಚದೆ ಬೆಕ್ಕಿನ ಪಾಲು ಮಾಡಿದಳೆಂದು ಮಾತು ಬಿಟ್ಟಿದ್ದಳು. ಕಿವಿ ಕೇಳದವಳ ಜೊತೆ ಮಾತು ಬಿಟ್ಟು ಯಾರಿಗೆ ಬುದ್ಧಿ ಕಲಿಸುತ್ತೀಯೆ ಎಂದು ಅತ್ತೆ ನಕ್ಕಿದ್ದಳು. ಅದಕ್ಕೆ ಸಿಟ್ಟು ಇನ್ನಷ್ಟು ಏರಿತ್ತು.

ತಂಡದಲ್ಲೇ ಇದ್ದ ಹಿರಿಸೊಸೆ ಸುತ್ತು ತಿರುಗಿ ಎದುರಿಗೆ ಬಂದಳು. ಹಾಲಿನ ಸಿಟ್ಟನ್ನೆಲ್ಲ ಕೋಲಿಗೆ ಇಳಿಸಿ ಬಡಿದಳು. ಪೆಟ್ಟು ಕಿರಿಸೊಸೆಯ ಮೊಣಕೈವರೆಗೆ ಹತ್ತಿತು. ಇನ್ನೊಂದು ಬಿತ್ತು. ಮುಂದಿನದು ಯಾವಾಗ ಬರಬೇಕೆಂದು ಅವಳ ಕೈಗೇ ತಿಳಿಯಿತು. ಹಾಡು ಬಿರುಸಾಗಿತ್ತು, ಆದರೂ ಕೋಲು ತಪ್ಪಲಿಲ್ಲ. ಹಿರಿಸೊಸೆ ಮುಂದಕ್ಕೆ ಸರಿದಳು. ನಂತರ ಬಂದವಳು ಮಗುವಿನ ಕೆನ್ನೆ ಮುಟ್ಟುವಂತೆ ಮೆಲ್ಲಗೆ ಕೋಲು ತಾಗಿಸಿದಳು. ತಾಳ ಅಲ್ಲೇ ಕೈಬಿಟ್ಟು ಹೋಯಿತು.

ಕಿರಿಸೊಸೆ ಆಟ ಬಿಟ್ಟು ಓಡಿ, ಓರಗಿತ್ತಿಯ ರಟ್ಟೆ ಹಿಡಿದು ಎಳೆದು ತಂದಳು.

"ನನ್ನ ಜೊತೆ ಆಡಿದವಳು ಇವಳೊಬ್ಬಳೇ! ನೀವೆಲ್ಲ ನೋವಾದೀತೆಂದು ಕೋಲು ಮುಟ್ಟಿಸುತ್ತೀರಿ. ನಿಮಗೆ ತಾಳ ಅಜ್ಜಿಯ ಬಾಯಿಂದ ಬರುತ್ತದೆ. ನನಗೆ ಬರುವುದು ನಿಮ್ಮ ಪೆಟ್ಟಿನಲ್ಲಿ. ಅದನ್ನು ಕೊಡದೆ ಇಟ್ಟುಕೊಂಡು, ಆಮೇಲೆ ನೀವೇ ಪಾಪ ಅನ್ನುತ್ತೀರಿ!"

"ಜೋರಾಗಿ ಹೊಡೆದರೆ ಕೈ ಊದಿಕೊಳ್ಳುತ್ತದಲ್ಲೇ" ಎಂದಳು ಒಬ್ಬಳು.

"ಊದಿದರೆ ನನ್ನ ಕೈ ತಾನೇ? ನಿನ್ನ ಮನೆಗೆ ರೊಟ್ಟಿ ತಟ್ಟಲು ಬರುವುದಿಲ್ಲ, ಬಿಡು."

ಹಿರಿಸೊಸೆ ಮಾತು ಬಿಟ್ಟದ್ದನ್ನು ಮರೆತು ನಕ್ಕಳು. ಅಜ್ಜಿ ನಗಲಿಲ್ಲ. ಹಾಡನ್ನು ಮೊದಲಿನಿಂದ ಎತ್ತಿಕೊಂಡಳು.

ಈ ಸಲ ಎಲ್ಲರೂ ಬಡಿದರು. ಬಿರುಸಿನ ಸುತ್ತಿನಲ್ಲೂ ಕೋಲಿಗೆ ಕೋಲು ಕೂಡಿತು. ಆದರೆ ತಿರುವಿನಲ್ಲಿ ಎಡಗಾಲು ಇಡಬೇಕಾದಲ್ಲಿ ಕಿರಿಸೊಸೆ ಬಲಗಾಲು ಇಟ್ಟು ಪಕ್ಕದವಳ ಮೇಲೆ ಬಿದ್ದಳು. ಅದಕ್ಕೆ ಕಿವಿ ಕಾರಣವಲ್ಲ, ಅಜಾಗ್ರತೆ ಕಾರಣ. ಅಜ್ಜಿ ಬಂದು ಅವಳ ಗೆಣ್ಣಿಗೆ ಕುಟ್ಟಿದಳು. "ಎಡಗಾಲು" ಎಂದು ತುಟಿ ಬಿಡಿಸಿ ಹೇಳಿ, ತನ್ನ ಎಡಗಾಲು ಎತ್ತಿ ತೋರಿಸಿದಳು. ಕಿರಿಸೊಸೆಯ ಕಣ್ಣಲ್ಲಿ ನೀರು ಬಂತು. ಮತ್ತೆ ತಿರುವು ಬಂದಾಗ ಎಡಗಾಲು ಇಟ್ಟಳು.

ಮನೆಯಲ್ಲಿ ಅತ್ತೆ ಊದಿದ ಬೆರಳಿಗೆ ಹರಳೆಣ್ಣೆ ಹಚ್ಚುತ್ತಾ, ಇದು ಯಾರ ಕೆಲಸ ಎಂದು ಕೇಳಿದಳು.

"ಅಜ್ಜಿ ನನಗೂ ಹೊಡೆದರು!" ಎಂದಳು ಸೊಸೆ. ಆ ಸಲ ಅವಳು ಬೀದಿಗೆಲ್ಲ ಕೇಳಲೆಂದೇ ಹೇಳಿದಳು.

ದೀಪ ಹಿಡಿಯುವ ಮಾತು ಮತ್ತೆ ಬರಲಿಲ್ಲ. ಪಕ್ಕದ ಊರಿನಲ್ಲಿ ಅವಳು ಎಲ್ಲರೊಂದಿಗೆ ಸುತ್ತಿನಲ್ಲಿ ಆಡಿದಳು. ತಂಡ ಗೆಲ್ಲಲಿಲ್ಲ. ಗಾಡಿಯಲ್ಲಿ ಮರಳುವಾಗ ಅಜ್ಜಿ ದಾರಿಯುದ್ದಕ್ಕೂ ಒಬ್ಬೊಬ್ಬರ ತಪ್ಪನ್ನೂ ಎತ್ತಿ ಬೈದಳು. ಕಿರಿಸೊಸೆಯ ಸರದಿ ಬಂದಾಗ ಅವಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಒಂದು ಮಾತೂ ತಪ್ಪಿಹೋಗದಂತೆ ನಿಧಾನವಾಗಿ ಬೈದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಉತ್ಸಾಹದಿಂದ ಹೇಳಿದ: "ತಿಳಿಯಿತು. ನಾಳೆಯೇ ಆ ಹುಡುಗಿಯ ಮನೆಗೆ ಹೋಗಿ ಕರೆತರುತ್ತೇನೆ. ಇನ್ನು ಅವಳನ್ನೂ ಉಳಿದವರಂತೆ ತಿದ್ದುತ್ತೇನೆ."

"ಒಳ್ಳೆಯದು. ಅವಳ ಹಾಡಿನಲ್ಲಿ ಸ್ವರ ಜಾರುವುದು ಎಲ್ಲಿ, ಹೇಳು ನೋಡೋಣ" ಎಂದರು ಗುರುಗಳು.

ಶಿಷ್ಯನಿಗೆ ನೆನಪಾದದ್ದು ತಾನು ಹೇಳಿದ ಭೇಷ್ ಮಾತ್ರ.