ಚೆನ್ನಾಜಮ್ಮ ಹಾಕಿದ ಕೆಟ್ಟ ಗಂಟು

ಮಕ್ಕಳೇ, ನನ್ನ ಹಳೆಯ ದಿನಚರಿಯಲ್ಲಿ 1971ರ ಜುಲೈ 14, ಬುಧವಾರದ ಪುಟದಲ್ಲಿ ಹೀಗಿದೆ: "ಸಂಜೆ ಬಿರುಗಾಳಿ. ಕೆರೆಯ ಮೇಲೆ ಚಾಚಿದ್ದ ಜಾಲಿಕೊಂಬೆ ಮುರಿದು ನೀರಿಗೆ ಬಿತ್ತು. ಗೀಜಗನ ಗೂಡು ಹದಿನಾರು. ಎಲ್ಲವೂ ಅದೇ ಕೊಂಬೆಯಲ್ಲಿದ್ದವು." ಆಮೇಲೆ ಆ ಮರದಲ್ಲಿ ನಡೆದ ಕತೆ ಇದು.

ಹದಿನಾರರಲ್ಲಿ ಒಂದು ಗೂಡು ಚೆನ್ನಾಜಮ್ಮ ಎಂಬ ಹೆಣ್ಣು ಗೀಜಗನದು. ಒಳಗೆ ಮೂರು ಮರಿಗಳಿದ್ದವು. ಅವುಗಳ ರೆಕ್ಕೆ ಇನ್ನೂ ಬಲಿತಿರಲಿಲ್ಲ.

ಮಾರನೆಯ ದಿನ ಸಂತಾಪ ಸಭೆ ಶುರುವಾಯಿತು. ಹಿರಿಯ ನೇಯ್ಗೆಗಾರ ಅರಿಶಿನಪ್ಪನೇ ಅಧ್ಯಕ್ಷ. ಹೋದವರನ್ನು ಎಲ್ಲರೂ ನೆನೆದು ಮುಗಿಸುವ ತನಕ ಯಾರೂ ಹೊಸ ಗೂಡಿಗೆ ಹುಲ್ಲು ಸೀಳಬಾರದೆಂದು ತೀರ್ಮಾನವಾಯಿತು. ಮೂರನೆಯ ದಿನ, ಬಿದ್ದುಹೋದ ಗೂಡುಗಳಲ್ಲಿ ಯಾರದು ಹೆಚ್ಚು ಚೆನ್ನಾಗಿತ್ತು ಎಂಬ ಮಾತು ಬಂತು. ಅದು ಹತ್ತು ದಿನ ನಡೆಯಿತು.

ಚೆನ್ನಾಜಮ್ಮ ಹಿಂದೆ ಕೂತು ಅತ್ತಳು. ಅಳುತ್ತಲೇ ಕೆರೆಯಂಚಿನ ಹುಲ್ಲನ್ನು ನೋಡಿದಳು. ಇನ್ನು ಇಪ್ಪತ್ತು ದಿನ ಕಳೆದರೆ ಹುಲ್ಲು ಬಲಿಯುತ್ತದೆ, ಸೀಳಿದ ಎಳೆ ಬಾಗದೆ ಮುರಿಯುತ್ತದೆ. ಗೂಡಿಲ್ಲದಿದ್ದರೆ ಮೊಟ್ಟೆಯಿಲ್ಲ. ಈ ವರ್ಷ ಮರದಲ್ಲಿ ಒಂದು ಮರಿಯೂ ಇರುವುದಿಲ್ಲ.

ಅವಳು ಹೋಗಿ ಇದನ್ನು ಅರಿಶಿನಪ್ಪನಿಗೆ ಹೇಳಿದಳು. ಅವನು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ಇನ್ನೂ ಆರು ಜನ ಮಾತಾಡುವುದು ಬಾಕಿ ಇದೆ ಎಂದ.

ಗೀಜಗಗಳಲ್ಲಿ ಗೂಡು ನೇಯುವುದು ಗಂಡಿನ ಕೆಲಸ. ಅರ್ಧ ನೇಯ್ದ ಮೇಲೆ ಹೆಣ್ಣು ಬಂದು ಎಳೆ ಜಗ್ಗಿ ನೋಡುತ್ತಾಳೆ, ಹಿಡಿಸದಿದ್ದರೆ ಹಾರಿಹೋಗುತ್ತಾಳೆ. ಹೆಣ್ಣು ಗಂಟು ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಹದಿನಾಲ್ಕನೆಯ ದಿನ ಬೆಳಿಗ್ಗೆ ಚೆನ್ನಾಜಮ್ಮ ಒಂದು ಎಳೆ ತಂದು, ಸಭೆಯ ಎದುರಿನ ಕೊಂಬೆಗೆ ಸುತ್ತಿದಳು. ಬಿಚ್ಚಿಕೊಂಡಿತು. ಮತ್ತೆ ಸುತ್ತಿದಳು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಕೋಳಿ ಕೆದರಿದ ಕಸದಂಥ ಒಂದು ವಸ್ತು ನೇತಾಡುತ್ತಿತ್ತು.

ಭಾಷಣ ಮಾಡುತ್ತಿದ್ದವನು ತಡವರಿಸಿದ. ಅವನ ಕಡೆ ಯಾರೂ ನೋಡುತ್ತಿರಲಿಲ್ಲ.

"ಇದೇನು ತಂಗಿ?" ಎಂದ ಅರಿಶಿನಪ್ಪ.

"ಗೂಡು, ಅಣ್ಣ. ಬಾಯಿ ಯಾವ ಕಡೆಗೆ ಅಂತ ಇನ್ನೂ ಯೋಚನೆ ಮಾಡಿಲ್ಲ."

"ಗಂಟು ಹೀಗಾ ಹಾಕೋದು?"

"ನಿಮ್ಮನ್ನು ನೋಡಿಯೇ ಕಲಿತದ್ದು."

ಅರಿಶಿನಪ್ಪ ಸುತ್ತಲೂ ನೋಡಿದ. ಸಭೆಗೆ ಹತ್ತು ನಿಮಿಷ ಬಿಡುವು ಎಂದು ಹೇಳಿ, ಆ ಗಂಟನ್ನು ಬಿಚ್ಚಿ ಸರಿಯಾಗಿ ಹಾಕಿದ. ಒಂದು ಸರಿಯಾದ ಮೇಲೆ ಪಕ್ಕದ್ದು ಕಣ್ಣಿಗೆ ಚುಚ್ಚಿತು. ಅಷ್ಟರಲ್ಲಿ ಇಬ್ಬರು ಅವನ ನೇಯ್ಗೆ ಹಳೇ ಕಾಲದ್ದೆಂದು ಆಡಿಕೊಂಡು, ಹೇಗೆ ನೇಯಬೇಕೆಂದು ತೋರಿಸಲು ಹುಲ್ಲಿಗೆ ಹಾರಿದರು. ಚೆನ್ನಾಜಮ್ಮ ಒಬ್ಬೊಬ್ಬರ ಬಳಿಗೂ ಹೋಗಿ, ಪಕ್ಕದವನದು ಸ್ವಲ್ಪ ಗಟ್ಟಿಯಾಗಿದೆ ಎಂದು ಹೇಳಿ ಬಂದಳು. ಮತ್ತೆ ಎಲ್ಲ ಗೂಡೂ ಒಂದೇ ಕೊಂಬೆಯಲ್ಲಿ ಸೇರಬಾರದೆಂದು, ಒಂದು ಕೊಂಬೆಗೆ ಎರಡನೆಯ ಗೂಡು ಕಟ್ಟಲು ಬಂದವನಿಗೆ, ಇಲ್ಲಿ ನಿನ್ನ ನೇಯ್ಗೆ ಎದ್ದು ಕಾಣುವುದಿಲ್ಲ ಎಂದಳು. ಅವನು ಬೇರೆ ಕೊಂಬೆಗೆ ಹೋದ.

ಸಭೆ ಮತ್ತೆ ಸೇರಲಿಲ್ಲ. ನೇಯುತ್ತಾ ಕೆಲವರು ಅತ್ತರು. ಅದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ.

"ಈ ಗಂಟನ್ನು ನನ್ನ ಮಗ ನನಗಿಂತ ಚೆನ್ನಾಗಿ ಹಾಕುತ್ತಿದ್ದ," ಎಂದ ಅರಿಶಿನಪ್ಪ. ಹದಿಮೂರು ದಿನದ ಸಭೆಯಲ್ಲಿ ಅವನು ಈ ಮಾತು ಆಡಿರಲಿಲ್ಲ.

"ಹೌದು ಅಣ್ಣ," ಎಂದಳು ಚೆನ್ನಾಜಮ್ಮ. "ಎಳೆ ಬಿಗಿಯಾಗಿ ಹಿಡಿದುಕೊಳ್ಳಿ."

ಗಾಳಿಯಲ್ಲಿ ಹೋದದ್ದು ಹದಿನಾರು ಗೂಡು, ಮೂವತ್ತೊಂಬತ್ತು ಮರಿ, ಅರಿಶಿನಪ್ಪನ ಮಗನೂ ಸೇರಿ ಐದು ದೊಡ್ಡ ಹಕ್ಕಿ. ಸಭೆಯಲ್ಲಿ ಹೋದದ್ದು ಹದಿಮೂರು ದಿನ. ಹುಲ್ಲು ಬಲಿಯುವ ಮುಂಚೆ ಮುಗಿದ ಗೂಡು ಒಂಬತ್ತು. ಅವುಗಳಿಂದ ಹಾರಿದ ಮರಿ ಹತ್ತೊಂಬತ್ತು, ಅದರಲ್ಲಿ ಚೆನ್ನಾಜಮ್ಮನದು ಒಂದು. ನಾಲ್ಕು ಗೂಡು ಅರ್ಧಕ್ಕೇ ನಿಂತವು. ಆ ಹದಿಮೂರು ದಿನ ಸಿಕ್ಕಿದ್ದರೆ ಅವೂ ಮುಗಿಯುತ್ತಿದ್ದವು.

ನೀತಿ: ದುಃಖ ತೀರಿದ ಮೇಲೆ ಕೆಲಸ ಎಂದು ಕಾಯಬಾರದು, ಅಳುತ್ತಲೇ ಮೊದಲ ಗಂಟು ಹಾಕಬೇಕು, ಅದು ಕೆಟ್ಟದಾಗಿದ್ದರೂ ಸರಿ.